ರಷ್ಯನ್ ಕಾಗದಕ್ಕೊಬ್ಬ ದುಭಾಷಿ

ಬಸವಕಲ್ಯಾಣದ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ನಡೆಯುತ್ತವೆ. ಒಂದರಲ್ಲಿ ಕೇಳಿದ ಬೆಲೆಗೆ ಇನ್ನೊಂದರಲ್ಲಿ ಉತ್ತರ ಬಂದರೂ ವ್ಯಾಪಾರ ಕೆಡುವುದಿಲ್ಲ. ಆದುದರಿಂದ ದುಭಾಷಿಯನ್ನು ಹುಡುಕುವ ಮಾತು ನಿಮಗೆ ಹೊಸದೆಂದು ತೋರಬಹುದು. ಆದರೆ ಮನೆಗೆ ರಷ್ಯನ್ ಭಾಷೆಯ ಕಾಗದವೊಂದು ಬಂದರೆ?

ರಷ್ಯಕ್ಕೂ ಈ ಸೀಮೆಗೂ ನಂಟು ಹಳೆಯದು. 15ನೆಯ ಶತಮಾನದಲ್ಲಿ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಬಹಮನಿ ರಾಜಧಾನಿ ಬೀದರಿಗೆ ಬಂದು, ತಾನು ತಂದ ಕುದುರೆಯನ್ನು ಅಲ್ಲಿಯೇ ಮಾರಿದನು. ಆಳಂದದ ಜಾತ್ರೆಯನ್ನೂ ವರ್ಣಿಸಿದನು. ಅವನ ಬರಹದ ರಷ್ಯನ್ನಿನಲ್ಲಿ ತುರ್ಕಿ, ಪಾರಸಿ ಮಾತುಗಳು ಬೆರೆತಿವೆ. ದಾರಿಯಲ್ಲಿ ಕಲಿತ ಆ ಮಾತುಗಳೇ ಅವನಿಗೆ ಆಸರೆಯಾದವು.

ನಮ್ಮ ಕಾಲದಲ್ಲಿ ಈ ಕಡೆಯ ತರುಣರು ರಷ್ಯಕ್ಕೆ ಹೋದಾಗ ಆ ಆಸರೆ ಇರಲಿಲ್ಲ. ನೌಕರಿಯ ಆಸೆ ತೋರಿಸಿ ಕರೆದೊಯ್ದ ಕಲಬುರಗಿ ಜಿಲ್ಲೆಯ ಮೂವರು ಯುದ್ಧಭೂಮಿ ಸೇರಿ, 2024ರ ಸೆಪ್ಟೆಂಬರಿನಲ್ಲಿ ಹಿಂದಿರುಗಿದರು. ಹೀಗೆ ಹೋದ ಭಾರತೀಯರಲ್ಲಿ ಅನೇಕರು ರುಜು ಹಾಕಿದ್ದು ತಮಗೆ ಓದಲು ಬಾರದ ಕರಾರಿಗೆ.

ಹಾಗಾದರೆ ಏನು ಮಾಡಬೇಕು? ಮೊದಲು ಭಾಷೆ ಯಾವುದೆಂದು ತಿಳಿಯಿರಿ. ರಷ್ಯನ್, ಉಕ್ರೇನಿಯನ್, ಬಲ್ಗೇರಿಯನ್ ಭಾಷೆಗಳ ಲಿಪಿ ಹೆಚ್ಚುಕಡಿಮೆ ಒಂದೇ, ಭಾಷೆ ಬೇರೆ. ಹಿಂದಿ ಮರಾಠಿಗಳು ನಾಗರಿಯಲ್ಲಿದ್ದ ಹಾಗೆ. ಪೋಲಿಷ್, ಚೆಕ್ ಭಾಷೆಗಳು ರೋಮನ್ ಲಿಪಿಯಲ್ಲಿವೆ. ‘ನೆದೇಲ್ಯ’ ಎಂದರೆ ರಷ್ಯನ್ನಿನಲ್ಲಿ ವಾರ. ಅದರ ಸೋದರ ಶಬ್ದಕ್ಕೆ ಉಕ್ರೇನಿಯನ್ನಿನಲ್ಲಿ ಭಾನುವಾರವೆಂದು ಅರ್ಥ. ಸಂಬಳದ ಕರಾರಿನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. 2022ರಲ್ಲಿ ಉಕ್ರೇನಿನಿಂದ ಓದು ಬಿಟ್ಟು ಬಂದ ವೈದ್ಯ ವಿದ್ಯಾರ್ಥಿಗಳ ಕಾಗದಗಳಿಗೂ ಈ ಎಚ್ಚರ ಸಲ್ಲುತ್ತದೆ.

ಮಾತಿಗೆ ದುಭಾಷಿ ಬೇಕು, ಬರಹಕ್ಕೆ ಭಾಷಾಂತರಕಾರ. ಎರಡೂ ಒಬ್ಬರಿಗೇ ಬರಬೇಕೆಂದಿಲ್ಲ. ಸ್ವತಂತ್ರವಾಗಿ ದುಡಿಯುವ ಇಂಥವರನ್ನು ಎಲ್ಲಿ ಕಾಣುವುದು? ಹುಮನಾಬಾದಿನ ಹೆದ್ದಾರಿಯೇ ದಾರಿ ತೋರುತ್ತದೆ. ಅದು ಪೂರ್ವಕ್ಕೆ ಹೈದರಾಬಾದು ಮುಟ್ಟುತ್ತದೆ; ಅಲ್ಲಿ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾನಿಲಯವಿದೆ. ಪಶ್ಚಿಮಕ್ಕೆ ಪುಣೆ, ಅಲ್ಲಿಯ ವಿಶ್ವವಿದ್ಯಾನಿಲಯದ ವಿದೇಶೀ ಭಾಷಾ ವಿಭಾಗವಿದೆ. ಎರಡರಲ್ಲಿಯೂ ರಷ್ಯನ್ ಕಲಿಸುತ್ತಾರೆ. ಪೋಲಿಷ್, ಚೆಕ್, ಬಲ್ಗೇರಿಯನ್ನಿಗೆ ದೆಹಲಿ ವಿಶ್ವವಿದ್ಯಾನಿಲಯದ ಸ್ಲಾವಿಕ್ ವಿಭಾಗವನ್ನು ವಿಚಾರಿಸಬಹುದು. ಅಧ್ಯಾಪಕರಿಗೆ ಪತ್ರ ಬರೆದು, ಕಲಿತು ಹೊರಬಂದವರ ಹೆಸರು ಕೇಳಿರಿ.

ಸಿಕ್ಕವರಿಗೆ ಮೊದಲು ಒಂದು ಪುಟ ಕೊಟ್ಟು ನೋಡಿರಿ. ಹೆಸರು, ತಾರೀಖು, ಮೊತ್ತಗಳನ್ನು ಮೂಲದೊಡನೆ ತಾಳೆ ನೋಡಿರಿ. ಔಷಧ ಕಾರ್ಖಾನೆಯ ಕಾಗದವಾದರೆ ಆ ವಿಷಯ ಬಲ್ಲವರೇ ಆಗಬೇಕು. ಪುಟಕ್ಕಿಷ್ಟು, ದಿನಕ್ಕಿಷ್ಟು ಎಂದು ಸಂಭಾವನೆಯನ್ನು ಮುಂಚೆಯೇ ಬರೆದುಕೊಳ್ಳಿರಿ. ರಷ್ಯನ್ನಿನಿಂದ ನೇರವಾಗಿ ಕನ್ನಡಕ್ಕೆ ತರುವವರು ವಿರಳ. ಇಂಗ್ಲಿಷಿನ ಮೂಲಕ ಬಂದರೆ ಆ ಪ್ರತಿಯನ್ನೂ ಇಟ್ಟುಕೊಳ್ಳಿರಿ.

ಎಲ್ಲಕ್ಕೂ ಮಿಗಿಲಾಗಿ, ದುಭಾಷಿ ನಿಮ್ಮವರಾಗಿರಲಿ, ದಲಾಲಿ ಕರೆತಂದವರಲ್ಲ. ರುಜು ಕೇಳಿದಾಗ, ‘ನಕಲು ಕೊಡಿರಿ, ಓದಿಸಿ ಹೇಳುತ್ತೇವೆ’ ಎನ್ನಿರಿ. ನಕಲು ಕೊಡಲು ಒಪ್ಪದವರಿಗೆ ರುಜುವನ್ನೂ ಕೊಡಬೇಡಿರಿ.