ನಗು ನೆನಪಿಟ್ಟ ಕಾವಲುಗಾರ

2019ರ ಮಲಯಾಳಂ ಚಿತ್ರ ‘ಹೆಲೆನ್’ ನನ್ನನ್ನು ಇನ್ನೂ ಬಿಟ್ಟಿಲ್ಲ. ಮಾತುಕುಟ್ಟಿ ಕ್ಸೇವಿಯರ್ ನಿರ್ದೇಶಿಸಿದ ಮೊದಲ ಸಿನಿಮಾ ಅದು. ನರ್ಸಿಂಗ್ ಓದಿ ಕೆನಡಾದ ಕನಸು ಕಾಣುವ ಹುಡುಗಿ, ತಾನು ದುಡಿಯುವ, ಮಾಲ್ ಒಳಗಿನ ಹೋಟೆಲಿನ ಶೀತಲಕೋಣೆಯಲ್ಲಿ ರಾತ್ರಿಯಿಡೀ ಸಿಕ್ಕಿಬೀಳುತ್ತಾಳೆ. ಆ ಹುಡುಗಿಯಾಗಿ ನಟಿಸಿದ ಅನ್ನಾ ಬೆನ್ ಮುಖದ ಮೇಲೆ ಹಿಮ ಕಟ್ಟುತ್ತಾ ಹೋದಂತೆ ನಮ್ಮ ಬೆರಳುಗಳೂ ಮರಗಟ್ಟುತ್ತವೆ. ಹೊರಗೆ ಅಪ್ಪ ಊರೆಲ್ಲ ಅಲೆಯುತ್ತಾನೆ. ಠಾಣೆಯಲ್ಲಿ ಸಿಗುವುದು ಕುಹಕ.

ಸುಳಿವು ಕೊಡುವವನು ಮಾಲ್‌ನ ಕಾವಲುಗಾರ. ಅವನ ಎದುರು ಎಷ್ಟೋ ಜನ ಹಾದುಹೋಗುತ್ತಾರೆ. ದಿನವೂ ನಗುವವಳು ಇವಳು. ಒಳಗೆ ಹೋಗುವಾಗ ನಕ್ಕಿದ್ದಳು, ಹೊರಗೆ ಬರುವಾಗಿನ ನಗು ಮಾತ್ರ ಕಾಣಲಿಲ್ಲವಲ್ಲ! ಅಂದರೆ ಅವಳು ಹೊರಗೆ ಬಂದೇ ಇಲ್ಲ.

ನಾಲ್ಕು ವರ್ಷದಿಂದ ನಮ್ಮ ಗೇಟು ತೆರೆಯುತ್ತಿರುವವರ ಹೆಸರನ್ನು ನಾನು ಕೇಳಿದ್ದು, ಆ ಚಿತ್ರ ನೋಡಿದ ಮರುದಿನ ಬೆಳಿಗ್ಗೆ.