ಆಶಾ ಅಕ್ಕಂದಿರ ನಿದ್ದೆ

(ತಿಪಟೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಸಂಘಗಳಲ್ಲಿ ಆಶಾ ಕಾರ್ಯಕರ್ತೆಯರೂ ಇದ್ದಾರೆ. ಇವತ್ತು ಅವರ ನಿದ್ದೆಯ ಬಗ್ಗೆ ಮಾತಾಡೋಣ. ನಗಬೇಡಿ, ಸಾಲ ಉಳಿತಾಯದಷ್ಟೇ ದೊಡ್ಡ ವಿಷಯ ಇದು.

2020ರ ಮಾರ್ಚ್ 25ರಿಂದ ದೇಶವೆಲ್ಲಾ ಲಾಕ್‌ಡೌನ್ ಆಯಿತು. ಊರಿನವರು ಬಾಗಿಲು ಹಾಕಿಕೊಂಡು ಒಳಗಿದ್ದಾಗ ಆಶಾ ಅಕ್ಕಂದಿರು ಮನೆಮನೆಗೆ ಹೋದರು. ಬೆಂಗಳೂರು, ಮುಂಬೈಯಿಂದ ಬಂದವರು ಯಾರು, ಯಾರಿಗೆ ಜ್ವರ, ಯಾರಿಗೆ ಕೆಮ್ಮು ಅಂತ ಬರೆದುಕೊಂಡರು. ಕೆಲವರು ಬೈದು ಕಳಿಸಿದರು. ಆ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯೂ ಆಯಿತು. ಸಂಜೆ ಮನೆಗೆ ಬಂದರೆ ಮಗು ಓಡಿ ಬರುತ್ತೆ, ಎತ್ತಿಕೊಳ್ಳೋ ಹಾಗಿಲ್ಲ. ‘ನನ್ನಿಂದ ಅತ್ತೆಗೆ ಬಂದುಬಿಟ್ಟರೆ?’ ಇದೇ ಯೋಚನೆಯಲ್ಲಿ ರಾತ್ರಿ ಒಂದು ಗಂಟೆ, ಎರಡು ಗಂಟೆ.

ಅದೇ ವರ್ಷ ಜುಲೈ 10ರಂದು ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರಕ್ಕೆ ಇಳಿದರು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಗೌರವಧನ, ಜೊತೆಗೆ ರಕ್ಷಣಾ ಸಾಮಗ್ರಿ. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಎಲ್ಲಾ ಆಶಾ ಕಾರ್ಯಕರ್ತೆಯರನ್ನು ಗೌರವಿಸಿ ಪ್ರಶಸ್ತಿ ಕೊಟ್ಟಿತು. ಸಂತೋಷ. ಆದರೆ ಪ್ರಶಸ್ತಿಯಿಂದ ಯಾರಿಗೂ ನಿದ್ದೆ ಬರಲ್ಲ, ಅಲ್ವಾ?

ಭಯವಾದಾಗ ಎದೆ ಬಡಿತ ಏರುತ್ತೆ, ಮೈ ಬಿಗಿಯುತ್ತೆ. ತೋಟದಲ್ಲಿ ಹಾವು ಕಂಡಾಗ ಇದು ಬೇಕು. ತಿಂಗಳುಗಟ್ಟಲೆ ಹೀಗೇ ಇದ್ದರೆ ಮೆದುಳು ರಾತ್ರಿಯೂ ಕಾವಲು ಕಾಯುತ್ತೆ. ನಿದ್ದೆ ಕೆಟ್ಟರೆ ಮಾರನೆ ದಿನ ಆತಂಕ ಹೆಚ್ಚು, ಆತಂಕ ಹೆಚ್ಚಿದರೆ ನಿದ್ದೆ ಮತ್ತೆ ಕೆಡುತ್ತೆ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಮನಸ್ಸಿನೊಳಗಿನ ಭಯವೂ ಲಾಕ್‌ಡೌನ್ ತೆಗೆದ ದಿನವೇ ಇಂಗಿಹೋಗಲ್ಲ. ರಾತ್ರಿ ಫೋನ್ ಬಡಿದರೆ ಈಗಲೂ ಬೆಚ್ಚಿ ಏಳುವವರು ಇದ್ದಾರೆ. ‘ಮೈಮುರಿದು ಕೆಲಸ ಮಾಡಿದರೆ ನಿದ್ದೆ ತಾನೇ ಬರುತ್ತೆ’ ಅಂತ ಅವರಿಗೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಅವರಿಗಿಂತ ಹೆಚ್ಚು ನಡೆದವರು ಯಾರು?

ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಕಾಫಿ, ಟೀ ಮಧ್ಯಾಹ್ನಕ್ಕೇ ಸಾಕು ಮಾಡಿ, ಅದರ ಪ್ರಭಾವ ಮೈಯಲ್ಲಿ ಗಂಟೆಗಟ್ಟಲೆ ಇರುತ್ತೆ. ನಿದ್ದೆ ಬಾರದಿದ್ದರೆ ಹೊರಳಾಡಬೇಡಿ. ಎದ್ದು ಕೂತು, ಕಣ್ಣು ಎಳೆದಾಗ ಮತ್ತೆ ಮಲಗಿ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ನೀವೇ ತಂದು ನುಂಗಬೇಡಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನಿಸುತ್ತೆ ಅಂದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ನೋಡಿ. ಟೆಲಿ ಮಾನಸ್ ಅಂತ ಇದೆ, ನಂಬರ್ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಂಘದ ಪುಸ್ತಕದ ರಟ್ಟಿನ ಮೇಲೆ ಈಗಲೇ ಬರೆದುಕೊಳ್ಳಿ.

ಇನ್ನು ಸಂಘದ ಕೆಲಸ. ಸಭೆಯಲ್ಲಿ ಕಂತು ಬರೆದಾದ ಮೇಲೆ ಹತ್ತು ನಿಮಿಷ ಆಶಾ ಅಕ್ಕನ ಮಾತು ಕೇಳಿ. ಬುದ್ಧಿ ಹೇಳೋಕೆ ಹೋಗಬೇಡಿ. ರಾತ್ರಿಯೆಲ್ಲಾ ಹೆರಿಗೆಗೆ ಓಡಾಡಿ ಬಂದವರಿಗೆ ಬೆಳಿಗ್ಗೆ ಮುದ್ದೆ ತಿರುವೋ ಕೆಲಸವೂ ಕಾದಿರುತ್ತೆ. ನಿಮ್ಮಲ್ಲಿ ಇಬ್ಬರು ಅವರ ಮನೆಗೆ ಹೋಗಿ, ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು, ಆ ದಿನ ಒಲೆ ಯಾರು ಹಚ್ಚಬೇಕು ಅನ್ನೋದನ್ನು ಮಾತಾಡಿ ಬನ್ನಿ.