ಪಾಸ್‌ವರ್ಡ್ ಬರೆದಿಟ್ಟ ಮ್ಯಾಕ್ರೋ

ನಾನು ಹಿಂದೆ ಕೆಲಸ ಮಾಡ್ತಿದ್ದ ಕಚೇರಿಯ ಲೆಕ್ಕವೆಲ್ಲ ಐಬಿಎಂನ ಎಎಸ್/400 ಸರ್ವರ್‌ನಲ್ಲಿತ್ತು. ದಿನಕ್ಕೆ ಹತ್ತು ಸಲ ಸೈನ್ ಆನ್ ಆಗಿ ಆಗಿ ಬೇಸತ್ತು, ನನ್ನ ಪಾಸ್‌ವರ್ಡನ್ನೇ ಡೆಸ್ಕ್‌ಟಾಪ್‌ನ ಒಂದು ಮ್ಯಾಕ್ರೋದಲ್ಲಿ ಬರೆದಿಟ್ಟೆ. ಒಂದು ಸಲ ಒತ್ತಿದರೆ ಸಾಕು, ಒಳಗೆ! ರಜೆ ಮುಗಿಸಿ ಬಂದಾಗ ನೋಡ್ತೀನಿ, ನನ್ನ ಹೆಸರಲ್ಲಿ ಯಾರೋ ಬಿಲ್ ತಿದ್ದಿದ್ದಾರೆ. ಆ ಫೈಲನ್ನ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪಾಸ್‌ವರ್ಡ್ ಹಾಗೇ ಕಾಣುತ್ತೆ ಅಂತ ನನಗೆ ಹೊಳೆದೇ ಇರಲಿಲ್ಲ. ನಾನಲ್ಲ ಅನ್ನೋಕೆ ಹಾಜರಿ ಪುಸ್ತಕ ತೋರಿಸಬೇಕಾಯ್ತು.

ಆಮೇಲೆ ಕರ್ಬೆರೋಸ್ ಬಂತು, ಎಂಐಟಿಯಲ್ಲಿ ಹುಟ್ಟಿದ ಪದ್ಧತಿ. ಬೆಳಿಗ್ಗೆ ವಿಂಡೋಸ್‌ಗೆ ಲಾಗಿನ್ ಆದರೆ ಒಂದು ಟಿಕೆಟ್ ಸಿಗುತ್ತೆ. ಅದರ ಬಲದ ಮೇಲೆ ಸರ್ವರ್‌ಗೆ ಇನ್ನೊಂದು. ಪಾಸ್‌ವರ್ಡ್ ಸರ್ವರ್‌ವರೆಗೆ ಹೋಗೋದೇ ಇಲ್ಲ. ಗಡಿಯಾರಗಳು ಮಾತ್ರ ಹೊಂದಬೇಕು. ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಟಿಕೆಟ್ ನಡೆಯಲ್ಲ. ನಮ್ಮ ಗೋಡೌನಿನ ಹಳೇ ಕಂಪ್ಯೂಟರ್ ಒಂದು ವಾರ ಸತಾಯಿಸಿದ್ದು ಇದಕ್ಕೇ. ಒಳಗಿನ ಪುಟ್ಟ ಸೆಲ್ ಸತ್ತಿತ್ತು.